ಬೋರ್ಡು ಬರೆದ 18 ಪರ್ಸೆಂಟನ್ನು ಕೋರ್ಟು ಬದಲಾಯಿಸಬಹುದೇ?

ಪ್ರಶ್ನೆ: ನನಗೆ 38 ವರ್ಷ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಪವರ್ ಪ್ರೆಸ್ ಆಪರೇಟರ್. 2024ರ ಫೆಬ್ರವರಿಯಲ್ಲಿ ಕೆಲಸ ಮಾಡುವಾಗ ಬಲಗೈ ಪ್ರೆಸ್‌ಗೆ ಸಿಕ್ಕಿಕೊಂಡಿತು. ತೋರು ಬೆರಳಿನ ಎರಡು ಗೆಣ್ಣು, ನಡು ಬೆರಳಿನ ಒಂದು ಗೆಣ್ಣು ಹೋಯಿತು. ಉಂಗುರ ಬೆರಳು ಇದೆ, ಆದರೆ ಮಡಚಲು ಬರುವುದಿಲ್ಲ. ಇಎಸ್‌ಐ ಮೆಡಿಕಲ್ ಬೋರ್ಡ್ ಐದು ನಿಮಿಷವೂ ನೋಡದೆ 18 ಪರ್ಸೆಂಟ್, ಅದೂ ಅಂತಿಮ ಎಂದು ಬರೆದಿದೆ. ಪತ್ರ ನನ್ನ ಕೈಗೆ ಬಂದದ್ದು 2025ರ ಅಕ್ಟೋಬರ್ 27ಕ್ಕೆ. ಅದರಲ್ಲಿ ನನ್ನ ಸರಾಸರಿ ದಿನಗೂಲಿ 600 ರೂಪಾಯಿ ಎಂದಿದೆ. ಸರ್ಕಾರಿ ಆಸ್ಪತ್ರೆಯ ಅಂಗವಿಕಲ ಪ್ರಮಾಣಪತ್ರದಲ್ಲಿ 35 ಪರ್ಸೆಂಟ್ ಇದೆ. ಡಾಕ್ಟರುಗಳು ಬರೆದ ಮೇಲೆ ಮುಗೀತು, ಕೋರ್ಟು ಏನೂ ಮಾಡಲ್ಲ ಎಂದು ಒಬ್ಬರು ಹೇಳಿದರು. ಸೀದಾ ಹೈಕೋರ್ಟಿಗೆ ರಿಟ್ ಹಾಕು ಎಂದು ಇನ್ನೊಬ್ಬರು. ಮೊದಲು ಇಡಿಗಂಟು ತಗೊಂಡು ಆಮೇಲೆ ಕೇಸ್ ಹಾಕೋಣ ಎಂದು ಒಬ್ಬ ಏಜೆಂಟ್ ಬೆನ್ನು ಹತ್ತಿದ್ದಾನೆ. ಕೋರ್ಟಿಗೆ ಹೋದರೆ ಈಗ ಬರುವುದೂ ನಿಲ್ಲುತ್ತದೆ ಎನ್ನುತ್ತಾರೆ ಕಾರ್ಖಾನೆಯ ಎಚ್‌ಆರ್. ನಾನು ಏನು ಮಾಡಲಿ?

ಉತ್ತರ: ನಿಮಗೆ ಸಿಕ್ಕಿರುವ ನಾಲ್ಕು ಸಲಹೆಗಳಲ್ಲಿ ಒಂದನ್ನೂ ನಂಬಿ ನಡೆಯುವಂತಿಲ್ಲ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹೋದ ಬೆರಳನ್ನು ಲೆಕ್ಕ ಹಾಕಿದರು, ಇದ್ದೂ ಇಲ್ಲದಂತಾದ ಬೆರಳನ್ನು ಯಾರೂ ಮುಟ್ಟಿಯೂ ನೋಡಲಿಲ್ಲ. ಇದನ್ನು ಕೇಳುವವರು ಯಾರಾದರೂ ಇದ್ದಾರಾ ಎನ್ನುವುದೇ ಅಲ್ವಾ ಪ್ರಶ್ನೆ? ಇದ್ದಾರೆ. ಕಾಗದದ ಭಾಷೆಯಲ್ಲಿ ನೌಕರರ ವಿಮಾ ನ್ಯಾಯಾಲಯ, ಜನರ ಮಾತಿನಲ್ಲಿ ಇಎಸ್‌ಐ ಕೋರ್ಟ್. ಬೋರ್ಡಿನ ತೀರ್ಮಾನ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಅಲ್ಲಿಗೆ ಮೇಲ್ಮನವಿ ಹಾಕಬಹುದು. ನಿಮಗೆ ಈಗಾಗಲೇ ಆರು ವಾರ ಕಳೆದಿದೆ. ಜನವರಿ 26ರ ಹೊತ್ತಿಗೆ ಗಡುವು ತೀರುತ್ತದೆ. ನಡುವೆ ಕೋರ್ಟಿನ ಕ್ರಿಸ್‌ಮಸ್ ರಜೆಯೂ ಬರುತ್ತದೆ. ಆದ್ದರಿಂದ ಸಂಕ್ರಾಂತಿಗೆ ಮೊದಲೇ ಅರ್ಜಿ ಕೋರ್ಟಿನಲ್ಲಿರಲಿ. ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಲು ಅವಕಾಶ ಇದೆ. ಅದನ್ನು ನಂಬಿಕೊಂಡು ಮಾತ್ರ ಕೂರಬೇಡಿ.

ಮೊದಲು 18 ಎಲ್ಲಿಂದ ಬಂತು ನೋಡೋಣ. ಅದು ಅಂದಾಜು ಅಲ್ಲ, ಕೂಡಿಸಿದ ಲೆಕ್ಕ. ಇಎಸ್‌ಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದು ಪಟ್ಟಿ ಇದೆ. ತೋರು ಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣು ಹೋದರೆ 9. ನಡು ಬೆರಳಿಗೆ ಇದೇ ಕ್ರಮದಲ್ಲಿ 12, 9, 7. ಉಂಗುರ ಬೆರಳು ಅಥವಾ ಕಿರುಬೆರಳು ಪೂರ್ತಿ ಹೋದರೆ 7. ನಿಮ್ಮ ತೋರು ಬೆರಳಿಗೆ 11, ನಡು ಬೆರಳಿಗೆ 7, ಒಟ್ಟು 18. ಅಂದರೆ ಬೋರ್ಡು ಎಕ್ಸ್‌ರೇಯಲ್ಲಿ ಇಲ್ಲದ ಮೂಳೆಗಳನ್ನು ಎಣಿಸಿದೆ, ಅಷ್ಟೇ. ಉಂಗುರ ಬೆರಳಿಗೆ ಸೊನ್ನೆ ಕೊಟ್ಟಿದೆ.

ಅದೇ ಅನುಸೂಚಿಯ ಕೊನೆಯಲ್ಲಿ ಒಂದು ಸಣ್ಣ ಟಿಪ್ಪಣಿ ಇದೆ. ಒಂದು ಅಂಗ ಶಾಶ್ವತವಾಗಿ, ಪೂರ್ತಿಯಾಗಿ ಬಳಕೆಗೆ ಬಾರದಂತಾದರೆ ಅದನ್ನು ಆ ಅಂಗವೇ ಹೋದಂತೆ ಲೆಕ್ಕ ಹಿಡಿಯಬೇಕು ಎಂದು ಅದು ಹೇಳುತ್ತದೆ. ನಿಮ್ಮ ಕೇಸಿನ ಜೀವ ಇರುವುದು ಇಲ್ಲೇ. ಉಂಗುರ ಬೆರಳು ಕೈಗೆ ಅಂಟಿಕೊಂಡಿದೆ, ಕೆಲಸಕ್ಕಿಲ್ಲ ಎಂದು ಸಾಬೀತಾದರೆ ಇನ್ನೊಂದು 7 ಸೇರಿ 25 ಆಗಬಹುದು. ಸ್ವಲ್ಪ ಮಡಚುತ್ತದೆ, ಬಿಗಿತ ಮಾತ್ರ ಇದೆ ಎಂದಾದರೆ ಪೂರ್ತಿ 7 ಸಿಗುವುದು ಕಷ್ಟ. ಆಗಲೂ ಕೈ ಹಿಡಿತ ಕಡಿಮೆಯಾದದ್ದನ್ನು ಬೇರೆಯಾಗಿ ಅಳೆಯಿರಿ ಎಂದು ಕೇಳಬಹುದು. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೆ ಪರ್ಸೆಂಟೇಜ್ ಇಲ್ಲ ಎಂದೇನೂ ಇಲ್ಲ.

ಈ 7ರ ಬೆಲೆ ಎಷ್ಟು? ಶಾಶ್ವತ ಅಂಗವೈಕಲ್ಯದ ಪಾವತಿ ದಿನಗೂಲಿಯ ಶೇ 90ರ ಮೇಲೆ ಲೆಕ್ಕವಾಗುತ್ತದೆ. 600ಕ್ಕೆ 540. ಅದರ ಶೇ 18 ಎಂದರೆ ದಿನಕ್ಕೆ 97 ರೂಪಾಯಿ 20 ಪೈಸೆ, 30 ದಿನಕ್ಕೆ 2,916. ಶೇ 25 ಆದರೆ ದಿನಕ್ಕೆ 135, ತಿಂಗಳಿಗೆ 4,050. ವ್ಯತ್ಯಾಸ 1,134 ರೂಪಾಯಿ. ಇದು ಜೀವ ಇರುವ ತನಕ ಬರುವ ಹಣ. ಮೂವತ್ತು ವರ್ಷಕ್ಕೆ ನಾಲ್ಕು ಲಕ್ಷ ದಾಟುತ್ತದೆ. ಏಳು ಪರ್ಸೆಂಟಿಗೆ ಏಕೆ ಓಡಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಈ ಲೆಕ್ಕ ತೋರಿಸಿ.

ಈಗ 35 ಪರ್ಸೆಂಟಿನ ಸರ್ಟಿಫಿಕೇಟ್. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಇದನ್ನೇ ದೊಡ್ಡ ಅಸ್ತ್ರ ಎಂದುಕೊಂಡಿರುತ್ತಾರೆ. ಅದು ದೇಹದ ಊನವನ್ನು ಅಳೆದ ಕಾಗದ. ಬಸ್ ಪಾಸು, ಮೀಸಲಾತಿ, ಸರ್ಕಾರಿ ಸೌಲಭ್ಯಗಳಿಗೆ ಬೇಕಾದದ್ದು. ಬೋರ್ಡು ಅಳೆಯಬೇಕಾದದ್ದು ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಎನ್ನುವುದನ್ನು. ಅಳತೆಗೋಲು ಬೇರೆ, ಆದ್ದರಿಂದ ಅಂಕಿ ಬೇರೆ ಬರುವುದು ಸಹಜ. ಅಲ್ಲಿ 35 ಇದೆ, ಇಲ್ಲೂ 35 ಕೊಡಿ ಎಂದು ವಾದಿಸಿದರೆ ಮೊದಲ ದಿನವೇ ಕೇಸು ಸೊರಗುತ್ತದೆ. ಆ ಸರ್ಟಿಫಿಕೇಟನ್ನು ಬೇರೆ ಕೆಲಸಕ್ಕೆ ಬಳಸಿ. ಅದರಲ್ಲಿ ಉಂಗುರ ಬೆರಳಿನ ಬಿಗಿತವನ್ನು ಒಬ್ಬ ಸರ್ಕಾರಿ ಡಾಕ್ಟರ್ ಕಂಡು ಬರೆದಿದ್ದರೆ, ಬೋರ್ಡು ಬಿಟ್ಟದ್ದು ನಿಜವಾಗಿ ಇದೆ ಎನ್ನುವುದಕ್ಕೆ ಅದು ಸಾಕ್ಷಿ.

ದುಡಿಯುವ ಶಕ್ತಿ ಎಂದಾಗಲೂ ಒಂದು ತಪ್ಪು ತಿಳಿವಳಿಕೆ ಇದೆ. ಕಾಯ್ದೆ ನೋಡುವುದು ನೀವು ಅವತ್ತು ಮಾಡುತ್ತಿದ್ದ ಪ್ರೆಸ್ ಕೆಲಸವನ್ನು ಮಾತ್ರ ಅಲ್ಲ. ಅಪಘಾತದ ಹೊತ್ತಿಗೆ ನೀವು ಮಾಡಬಲ್ಲವರಾಗಿದ್ದ ಎಲ್ಲ ಕೆಲಸಗಳನ್ನೂ ನೋಡುತ್ತದೆ. ಕೈಕೆಲಸ ಬಿಟ್ಟು ಬೇರೆ ಓದು, ಅನುಭವ ಇಲ್ಲದವರಿಗೆ ಇದು ಅನುಕೂಲವೇ. ಸುಪ್ರೀಂ ಕೋರ್ಟು 1976ರ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಯ ನಷ್ಟ ಪೂರ್ತಿ ನೂರು ಎಂದು ಒಪ್ಪಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಅಷ್ಟೇ ಸರಳ ಕಾರಣ. 2011ರ ರಾಜ್‌ಕುಮಾರ್ ಪ್ರಕರಣದಲ್ಲೂ ದೇಹದ ಊನದ ಅಂಕಿಯೇ ಗಳಿಕೆಯ ನಷ್ಟದ ಅಂಕಿ ಅಲ್ಲ, ಅದೇ ಗಾಯ ಡ್ರೈವರ್‌ಗೆ ಒಂದು ತೆರನಾಗಿ, ಗುಮಾಸ್ತರಿಗೆ ಇನ್ನೊಂದು ತೆರನಾಗಿ ಬಡಿಯುತ್ತದೆ ಎಂದು ವಿವರವಾಗಿ ಹೇಳಿದೆ. ಇವೆರಡೂ ಇಎಸ್‌ಐ ಕೇಸುಗಳಲ್ಲ. ಮೊದಲನೆಯದು ಕಾರ್ಮಿಕರ ಪರಿಹಾರ ಕಾಯ್ದೆಯದು, ಎರಡನೆಯದು ರಸ್ತೆ ಅಪಘಾತದ್ದು. ಆದ್ದರಿಂದ ಇವುಗಳಿಂದ ನಿಮಗೂ ನೂರು ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಪಟ್ಟಿಯಲ್ಲೇ ಅಂಕಿ ಇರುವ ಗಾಯಕ್ಕೆ ಬೋರ್ಡು ಪಟ್ಟಿ ಬಿಟ್ಟು ಜಾಸ್ತಿ ಹೋಗುವುದಿಲ್ಲ. ಪಟ್ಟಿ ಮುಟ್ಟದ ಬಿಗಿತ, ನೋವು, ಹಿಡಿತದ ವಿಷಯಕ್ಕೆ ಬಂದಾಗ ಈ ಮಾತುಗಳಿಗೆ ತೂಕ ಬರುತ್ತದೆ.

ಇನ್ನು ದೊಡ್ಡ ಭ್ರಮೆಗೆ ಬರುತ್ತೇನೆ: ಡಾಕ್ಟರು ಹೇಳಿದ ಮೇಲೆ ಕೋರ್ಟು ಏನೂ ಮಾಡಲ್ಲ ಎನ್ನುವುದು. ಕೆಲವು ದೇಶಗಳಲ್ಲಿ ಇದು ಬಹುಪಾಲು ನಿಜ. ಮೆಲ್ಬರ್ನ್ ಕಡೆ ದುಡಿಯುವ ಕನ್ನಡಿಗರು ಅಲ್ಲಿನ ಕತೆ ಹೇಳಿದಾಗ ನಮ್ಮವರಿಗೆ ಇನ್ನಷ್ಟು ಗೊಂದಲ ಆಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೆಡಿಕಲ್ ಪ್ಯಾನೆಲ್ ಕೊಟ್ಟ ಅಭಿಪ್ರಾಯವನ್ನು ಕೋರ್ಟು ಕೂಡ ಅಂತಿಮ ಎಂದು ಒಪ್ಪಿಕೊಳ್ಳಲೇಬೇಕು. ಅಲ್ಲಿನ ಸುಪ್ರೀಂ ಕೋರ್ಟು ನೋಡುವುದು ಕಾನೂನಿನ ತಪ್ಪು ಆಗಿದೆಯಾ, ಕಾರ್ಮಿಕನ ಮಾತು ಕೇಳುವಲ್ಲಿ ಅನ್ಯಾಯ ಆಗಿದೆಯಾ ಎಂಬುದನ್ನು ಮಾತ್ರ. ತಪ್ಪು ಕಂಡರೂ ಹೊಸ ಪರ್ಸೆಂಟೇಜ್ ಬರೆಯುವುದಿಲ್ಲ. ಅಭಿಪ್ರಾಯವನ್ನು ರದ್ದು ಮಾಡಿ ಮತ್ತೆ ಪ್ಯಾನೆಲ್‌ಗೇ ಕಳಿಸುತ್ತದೆ. 2013ರಲ್ಲಿ ಕೊಚಾಕ್ ಎಂಬ ಕಾರ್ಮಿಕರ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು ಇನ್ನೊಂದು ಮಾತು ಹೇಳಿತು. ಆ ದೇಶದಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು. ಪ್ಯಾನೆಲ್ ತಾನು ಯಾವ ದಾರಿಯಲ್ಲಿ ತೀರ್ಮಾನಕ್ಕೆ ಬಂತು ಎಂದು ಬರೆದರೆ ಸಾಕು, ಬೇರೆ ಡಾಕ್ಟರುಗಳ ಅಭಿಪ್ರಾಯವನ್ನು ಏಕೆ ಒಪ್ಪಲಿಲ್ಲ ಎಂದು ವಿವರಿಸುವ ಅಗತ್ಯ ಇಲ್ಲ ಎಂದಿತು.

ನಮ್ಮ ಇಎಸ್‌ಐ ಕಾಯ್ದೆ ಹಾಗಿಲ್ಲ. ಕಾರ್ಮಿಕರಿಗೆ ಗೊತ್ತೇ ಇಲ್ಲದ ಒಳ್ಳೆಯ ಸುದ್ದಿ ಇದು. 54ಎ ಕಲಮಿನ ಪ್ರಕಾರ ಬೋರ್ಡಿನ ಮೇಲೆ ಎರಡು ದಾರಿ ಇವೆ. ಒಂದು, ಮೆಡಿಕಲ್ ಅಪೀಲ್ ಟ್ರಿಬ್ಯೂನಲ್, ಅಲ್ಲೂ ಸರಿಹೋಗದಿದ್ದರೆ ಇಎಸ್‌ಐ ಕೋರ್ಟ್. ಎರಡು, ಸೀದಾ ಇಎಸ್‌ಐ ಕೋರ್ಟ್. ಹೀಗೆ ಮೇಲ್ಮನವಿ ಬಂದಾಗ ಎಲ್ಲ ವಿಷಯಗಳನ್ನೂ ಕೋರ್ಟು ತಾನೇ ತೀರ್ಮಾನಿಸಬಹುದು ಎಂದು 75ನೇ ಕಲಮಿನ 2ಎ ಉಪಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ 18 ಸರಿಯೋ 25 ಸರಿಯೋ ಎಂದು ಸಾಕ್ಷಿ ನೋಡಿ ಬರೆಯುವ ಅಧಿಕಾರ ಆ ನ್ಯಾಯಾಧೀಶರಿಗೆ ಇದೆ. ಮತ್ತೆ ಬೋರ್ಡಿನ ಮುಂದೆ ಸಾಲು ನಿಲ್ಲಲೇಬೇಕು ಎಂದಿಲ್ಲ.

ಹೈಕೋರ್ಟಿನ ರಿಟ್ ಇದಕ್ಕೆ ತದ್ವಿರುದ್ಧ. ಹೆಸರು ದೊಡ್ಡದು, ನಿಮ್ಮ ಕೆಲಸಕ್ಕೆ ಮಾತ್ರ ಸಣ್ಣದು. ರಿಟ್‌ನಲ್ಲಿ ಬೆರಳು ಎಷ್ಟು ಮಡಚುತ್ತದೆ ಎಂದು ಯಾರೂ ಅಳೆಯುವುದಿಲ್ಲ. ಬೋರ್ಡಿಗೆ ಅಧಿಕಾರ ಇತ್ತೇ, ನಿಮ್ಮ ಮಾತು ಕೇಳಿತೇ, ಕಾನೂನು ಮೀರಿತೇ ಎನ್ನುವುದಷ್ಟೇ ಅಲ್ಲಿ ಪ್ರಶ್ನೆ. ಅದಕ್ಕೂ ಮೊದಲು, ಮೇಲ್ಮನವಿಗೆ ಬೇರೆ ಜಾಗ ಇರುವಾಗ ಇಲ್ಲಿಗೇಕೆ ಬಂದಿರಿ ಎಂದು ಕೇಳುತ್ತಾರೆ. ಸಹಜ ನ್ಯಾಯ ತಪ್ಪಿದ್ದರೆ ಅಥವಾ ಅಧಿಕಾರವೇ ಇಲ್ಲದವರು ತೀರ್ಮಾನಿಸಿದ್ದರೆ ನೇರವಾಗಿ ಬರಬಹುದು ಎಂದು ಸುಪ್ರೀಂ ಕೋರ್ಟಿನ 1998ರ ವರ್ಲ್‌ಪೂಲ್ ತೀರ್ಪು ಹೇಳುತ್ತದೆ, ನಿಜ. ಐದು ನಿಮಿಷದಲ್ಲಿ ಮುಗಿಸಿದರು ಎನ್ನುವುದೊಂದೇ ಅಷ್ಟು ದೂರ ಒಯ್ಯುವುದಿಲ್ಲ. ಗೆದ್ದರೂ ಸಿಗುವುದು ಹೆಚ್ಚಾಗಿ ‘ಮತ್ತೆ ಪರೀಕ್ಷೆ ಮಾಡಿ’ ಎಂಬ ಆದೇಶ. ಅಷ್ಟರಲ್ಲಿ ಮೂರು ತಿಂಗಳ ಗಡುವು ಕಳೆದಿರುತ್ತದೆ. ನನಗೆ ಹೆಚ್ಚು ಬೇಸರ ತರುವುದು ಇದೇ. ಇಎಸ್‌ಐ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗುವ ದಾರಿ 82ನೇ ಕಲಮಿನಲ್ಲಿ ಬೇರೆಯೇ ಇದೆ. ಅದಕ್ಕೆ 60 ದಿನ ಗಡುವು. ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಅದು ತೆರೆಯುತ್ತದೆ. ಹಾಗಾಗಿ ಸಾಕ್ಷಿಯನ್ನೆಲ್ಲ ಇಎಸ್‌ಐ ಕೋರ್ಟಿನಲ್ಲೇ ಹಾಕಿ ಮುಗಿಸಬೇಕು.

ಟ್ರಿಬ್ಯೂನಲ್ಲೋ ಕೋರ್ಟೋ? ವಿವಾದ ಬರೀ ವೈದ್ಯಕೀಯವಾಗಿದ್ದು, ಟ್ರಿಬ್ಯೂನಲ್ ನಿಯಮಿತವಾಗಿ ಕೂರುತ್ತಿದ್ದರೆ ಅದು ಬೇಗ ಮುಗಿಯುವ ದಾರಿ. ಒಂದು ಮೆಟ್ಟಿಲು ಜಾಸ್ತಿ ಉಳಿದಿರುತ್ತದೆ ಎನ್ನುವ ಲಾಭವೂ ಇದೆ. ಮುಂದಿನ ಸಭೆ ಯಾವಾಗ ಎಂದು ಮೊದಲು ವಿಚಾರಿಸಿ. ನಿಮ್ಮ ವಿಷಯದಲ್ಲಿ ನಾನಾದರೆ ಸೀದಾ ಕೋರ್ಟನ್ನೇ ಆರಿಸುತ್ತೇನೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಬೋರ್ಡಿನ ಹಾಳೆಯಲ್ಲಿ ಉಂಗುರ ಬೆರಳಿನ ಹೆಸರಾದರೂ ಇದೆಯಾ ಎಂದು ನೋಡಬೇಕಾದ ಕೇಸು ಇದು. ಆ ಹಾಳೆ ಹೊರಗೆ ಬರಲೇಬೇಕು.

ಏಜೆಂಟನ ಮಾತಿನ ಬಗ್ಗೆ ಎಚ್ಚರ. ಇಡಿಗಂಟು ಪಾವತಿ ದಿನದ ದರ ತೀರ ಸಣ್ಣದಾಗಿರುವವರಿಗೆ ಇರುವ ಏರ್ಪಾಡು. ನಿಮ್ಮ 97 ರೂಪಾಯಿಗೆ ಅದು ಸಿಗುವುದೇ ಇಲ್ಲ. ಆತ ನಿಮ್ಮಿಂದ ಸಹಿ ಹಾಕಿಸಿಕೊಳ್ಳುವುದು ಯಾವ ಕಾಗದಕ್ಕೋ ಗೊತ್ತಿಲ್ಲ, ದೂರ ಇಡಿ. ಆದರೆ ಬೆರಳ ತುದಿ ಮಾತ್ರ ಹೋಗಿ 2 ಪರ್ಸೆಂಟೋ 4 ಪರ್ಸೆಂಟೋ ಸಿಕ್ಕಿದ ಓದುಗರು ಇದನ್ನು ಗಮನವಿಟ್ಟು ಓದಬೇಕು. ಬೋರ್ಡಿನ ತೀರ್ಮಾನದ ಮೇಲೆ ಇಡಿಗಂಟಿಗೆ ಅರ್ಜಿ ಹಾಕಿ ಹಣ ಪಡೆದವರಿಗೆ ಮೇಲ್ಮನವಿಯ ಹಕ್ಕೇ ಇಲ್ಲ ಎಂದು 54ಎ ಕಲಮು ಹೇಳುತ್ತದೆ. ಮೊದಲು ಹಣ ತಗೊಂಡು ಆಮೇಲೆ ಕೇಸು ಎನ್ನುವುದು ಸಾಧ್ಯವೇ ಇಲ್ಲದ ಮಾತು.

ಎಚ್‌ಆರ್ ಹೇಳಿದ್ದರಲ್ಲಿ ಬೆದರಿಕೆ ಎಷ್ಟು, ನಿಜ ಎಷ್ಟು? ಮೇಲ್ಮನವಿ ಹಾಕಿದ ಮಾತ್ರಕ್ಕೆ ಈಗ ಬರುವ ಪಾವತಿ ನಿಲ್ಲುವುದಿಲ್ಲ. ಕೆಲಸಕ್ಕೆ ಹೋಗಿ ಸಂಬಳ ಪಡೆಯುತ್ತಿದ್ದರೂ ಅದು ಬರುತ್ತದೆ. ಅಪಾಯ ಇಲ್ಲವೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ. ಮೇಲ್ಮನವಿಯ ಹಕ್ಕು ಹಣ ಕೊಡುವ ಇಎಸ್‌ಐ ನಿಗಮಕ್ಕೂ ಇದೆ. ಕೋರ್ಟು ಹೊಸದಾಗಿ ಪರೀಕ್ಷೆ ಮಾಡಿಸಿದಾಗ ಡಾಕ್ಟರು ನಿಮ್ಮ ವಿರುದ್ಧ ಬರೆಯಲೂಬಹುದು. ನಿಮ್ಮ 18 ಮೂಳೆ ಹೋದದ್ದಕ್ಕೆ ಪಟ್ಟಿ ಕೊಟ್ಟ ಅಂಕಿ, ಅದನ್ನು ಅಲುಗಾಡಿಸುವುದು ಕಷ್ಟ. ನೋವು, ಬಿಗಿತ, ಸೊಂಟದ ಪೆಟ್ಟು ಇಂಥವುಗಳ ಮೇಲೆ ಅಂದಾಜಿನಿಂದ ಅಂಕಿ ಪಡೆದವರು ಮಾತ್ರ ಮೇಲ್ಮನವಿಗೆ ಮೊದಲು ಒಬ್ಬ ತಜ್ಞರಿಗೆ ತೋರಿಸಿಕೊಂಡು ಯೋಚಿಸಬೇಕು.

ಇಎಸ್‌ಐ ಬಿಟ್ಟು ಕಂಪನಿಯ ಮೇಲೆಯೇ ಪರಿಹಾರದ ಕೇಸು ಹಾಕಿದರೆ ಹೇಗೆ ಎಂದು ಹಲವರು ಕೇಳುತ್ತಾರೆ. ಇಎಸ್‌ಐ ವಿಮೆ ಇದ್ದವರಿಗೆ 53ನೇ ಕಲಮು ಅದನ್ನು ಮುಚ್ಚಿದೆ. ಸುಪ್ರೀಂ ಕೋರ್ಟು 1996, 1997ರಲ್ಲೇ ಇದನ್ನು ಖಚಿತಪಡಿಸಿದೆ. ಈಗ ಸುಮ್ನಿದ್ದು, ಮುಂದೆ ಜಾಸ್ತಿಯಾದರೆ ಕೇಳೋಣ ಎನ್ನುವುದೂ ಸುಲಭವಲ್ಲ. ಗಾಯ ಅನಿರೀಕ್ಷಿತವಾಗಿ ಉಲ್ಬಣವಾದರೆ ಮರುಪರಿಶೀಲನೆಗೆ 55ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಅಂತಿಮ ತೀರ್ಮಾನವಾದರೆ ಐದು ವರ್ಷ ಕಾಯಬೇಕು, ಇಲ್ಲವೇ ಟ್ರಿಬ್ಯೂನಲ್ಲಿನ ಅನುಮತಿ ಬೇಕು. ಹೆಚ್ಚಾದ ಹಣವೂ ಅರ್ಜಿ ಹಾಕಿದ ದಿನದಿಂದ ಮಾತ್ರ. ಮೊದಲೇ ಇದ್ದದ್ದನ್ನು ಬೋರ್ಡು ಬಿಟ್ಟಿತ್ತು ಎನ್ನುವ ನಿಮ್ಮ ದೂರಿಗೆ ಆ ದಾರಿ ಹೊಂದುವುದಿಲ್ಲ.

ಹೊಸ ಕಾನೂನಿನ ಗಾಬರಿಯೂ ಬೇಡ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ, ಇಎಸ್‌ಐ ಕಾಯ್ದೆ ಅದರೊಳಗೆ ಸೇರಿಹೋಗಿದೆ. ಬೋರ್ಡು, ಟ್ರಿಬ್ಯೂನಲ್, ಕೋರ್ಟು ಎಂಬ ಕ್ರಮ ಅದರಲ್ಲೂ ಉಳಿದಿದೆ. ನಿಮ್ಮ ಅಪಘಾತ, ಬೋರ್ಡಿನ ತೀರ್ಮಾನ ಎರಡೂ ಅದಕ್ಕಿಂತ ಹಿಂದಿನವು. ಮೇಲ್ಮನವಿಯ ಹಕ್ಕು ಪ್ರಕರಣ ಶುರುವಾದ ದಿನವೇ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟಿನ 1957ರ ಗರಿಕಪಾಟಿ ವೀರಯ್ಯ ತೀರ್ಪು ಹೇಳಿದೆ. ಅರ್ಜಿಯಲ್ಲಿ ಹಳೆಯ ಕಲಮು, ಹೊಸ ಸಂಹಿತೆ ಎರಡನ್ನೂ ಬರೆಯಲು ನಿಮ್ಮ ವಕೀಲರಿಗೆ ಹೇಳಿ.

ಈಗ ಮಾಡಬೇಕಾದ ಕೆಲಸ. ನ್ಯಾಯಾಧೀಶರು ಡಾಕ್ಟರಲ್ಲ. ಒಂದು ವೈದ್ಯಕೀಯ ಅಭಿಪ್ರಾಯವನ್ನು ಬದಿಗಿಡಲು ಅವರಿಗೆ ಇನ್ನೊಂದು ವೈದ್ಯಕೀಯ ಅಭಿಪ್ರಾಯ ಬೇಕು, ನಿಮ್ಮ ಮಾತೊಂದೇ ಸಾಲದು. ಮೂಳೆ ತಜ್ಞರೊಬ್ಬರ ಹತ್ತಿರ ಹೋಗಿ. ಸಾಧ್ಯವಾದರೆ ಕೈ ಶಸ್ತ್ರಚಿಕಿತ್ಸೆಯ ಅನುಭವ ಇರುವವರಾಗಲಿ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಯಾದರೆ ಕಾಗದಕ್ಕೆ ಇನ್ನೂ ತೂಕ. ಉಂಗುರ ಬೆರಳಿನ ಒಂದೊಂದು ಗೆಣ್ಣೂ ಎಷ್ಟು ಡಿಗ್ರಿ ಮಡಚುತ್ತದೆ, ಎರಡೂ ಕೈಯ ಹಿಡಿತದ ಬಲ ಎಷ್ಟು ಎಂದು ಯಂತ್ರದಲ್ಲಿ ಅಳೆದು ಅಂಕಿಯಲ್ಲಿ ಬರೆಸಿಕೊಳ್ಳಿ. ‘ಬಿಗಿತ ಇದೆ’ ಎಂಬ ಎರಡು ಪದದ ಸರ್ಟಿಫಿಕೇಟ್ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ಅದು ಇನ್ನು ಸರಿಹೋಗುವಂಥದ್ದಲ್ಲ ಎಂದಿದ್ದರೆ ಆ ಮಾತೂ ಬರಲಿ. ಆ ಡಾಕ್ಟರು ಬೇಕಾದರೆ ಕೋರ್ಟಿಗೆ ಬಂದು ಹೇಳುವರೇ ಎಂದು ಮೊದಲೇ ಕೇಳಿಕೊಳ್ಳಿ.

ಅದರ ಜೊತೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇಗಳು, ಕಾರ್ಖಾನೆ ಕೊಟ್ಟ ಅಪಘಾತ ವರದಿಯ ಪ್ರತಿ, ಬೋರ್ಡಿನ ಪತ್ರ ಮತ್ತು ಅದು ಬಂದ ಲಕೋಟೆ ಇರಲಿ. ಲಕೋಟೆಯ ಮೇಲಿನ ಅಂಚೆ ಮುದ್ರೆ ನಿಮ್ಮ ಗಡುವಿನ ಸಾಕ್ಷಿ. ನೀವು ಏನು ಓದಿದ್ದೀರಿ, ಹಿಂದೆ ಯಾವ ಕೆಲಸ ಮಾಡಿದ್ದೀರಿ ಎನ್ನುವ ದಾಖಲೆಯೂ ಬೇಕು.

ಬೋರ್ಡಿನ ಪೂರ್ತಿ ನಡಾವಳಿ ಕೇಳಿ ಇವತ್ತೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ತೀರ್ಮಾನದಿಂದ ತೊಂದರೆಯಾದವರಿಗೆ ಕಾರಣ ತಿಳಿಸಬೇಕು ಎಂದು ಅದೇ ಕಾಯ್ದೆಯ 4(1)(ಡಿ) ಕಲಮು ಹೇಳುತ್ತದೆ, ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ಉತ್ತರ ಬರಲಿ ಎಂದು ಮೇಲ್ಮನವಿ ಮುಂದೂಡಬೇಡಿ. ಬರದಿದ್ದರೆ ಕೋರ್ಟೇ ತರಿಸುತ್ತದೆ.

ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೆ ಅದೂ ಮನಸ್ಸಿನಲ್ಲಿ ಇರುತ್ತದೆ. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನೋಂದಾಯಿತ ಯೂನಿಯನ್ ಇದ್ದರೆ, ನೀವು ಬರೆದುಕೊಟ್ಟರೆ, ಅದರ ಪದಾಧಿಕಾರಿಯೂ ನಿಮ್ಮ ಪರವಾಗಿ ನಿಲ್ಲಬಹುದು. ಯಾರೇ ನಿಂತರೂ ಅರ್ಜಿಯ ಮೊದಲ ಪುಟದಲ್ಲೇ ಉಂಗುರ ಬೆರಳಿನ ವಿಷಯ ಮತ್ತು ಅನುಸೂಚಿಯ ಆ ಟಿಪ್ಪಣಿ ಬಂದಿದೆಯಾ ಎಂದು ಓದಿ ನೋಡಿ, ಆಮೇಲೆ ಸಹಿ ಹಾಕಿ.